ಯಾವ ಕ್ಲೌಡ್ ಬೇಕು? ಮೊದಲು ನೋಡಿಕೊಳ್ಳುವವರು ಯಾರು ಅಂತ ಕೇಳಿ

ಹುಬ್ಬಳ್ಳಿಯಲ್ಲಿ ಒಂದು ಔಷಧಿ ಹೋಲ್‌ಸೇಲ್ ವ್ಯಾಪಾರ ಇದೆ ಅಂದುಕೊಳ್ಳಿ. ಬಿಲ್ಲು, ಸ್ಟಾಕು ಎಲ್ಲ ಗೋಡೌನಿನ ಮೂಲೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿದೆ. ಅದನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರ್‌ಗೆ ಹಾಕಬೇಕು. ಮಾರಲು ಬಂದವರು ಪಬ್ಲಿಕ್, ಪ್ರೈವೇಟ್, ಹೈಬ್ರಿಡ್ ಅಂತ ಶುರು ಮಾಡುತ್ತಾರೆ. ಅದು ಆಮೇಲೆ.

ಮೊದಲ ಪ್ರಶ್ನೆ: ರಾತ್ರಿ 11ಕ್ಕೆ ಸರ್ವರ್ ಕೈಕೊಟ್ಟರೆ ಎದ್ದು ಸರಿ ಮಾಡುವವರು ನಿಮ್ಮಲ್ಲಿ ಇದ್ದಾರಾ? ಇಲ್ಲ ಅಂದರೆ ‘ಸಾಸ್’ (SaaS, ಸಾಫ್ಟ್‌ವೇರ್ ಆ್ಯಸ್ ಎ ಸರ್ವೀಸ್) ಸಾಕು. ಅಂದರೆ ತಯಾರಾದ ಸಾಫ್ಟ್‌ವೇರನ್ನೇ ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟಿ ಬಳಸುವುದು. ಲೆಕ್ಕ ಇಡುವ ಜೋಹೋ ಬುಕ್ಸ್ ಇಂಥದ್ದೇ. ಸರ್ವರ್, ಅಪ್‌ಡೇಟ್‌ನ ತಲೆನೋವು ಅವರದು. ಆದರೆ ಕೆಲಸ ಬಿಟ್ಟು ಹೋದವರ ಲಾಗಿನ್ ತೆಗೆಯುವುದು ನಿಮ್ಮದೇ ಕೆಲಸ. ಎಷ್ಟೋ ಕಡೆ ಅದೇ ಆಗಿರುವುದಿಲ್ಲ!

ಸ್ವಂತ ಆ್ಯಪ್ ಬರೆಯುವ ಡೆವಲಪರ್ ಇದ್ದರೆ ‘ಪಾಸ್’ (PaaS, ಪ್ಲಾಟ್‌ಫಾರ್ಮ್ ಆ್ಯಸ್ ಎ ಸರ್ವೀಸ್). ಕೋಡ್ ಅವರದು, ಅದನ್ನು ಓಡಿಸುವ ವ್ಯವಸ್ಥೆ ಕ್ಲೌಡ್ ಕಂಪನಿಯದು.

ಹಳೆಯ ಸಾಫ್ಟ್‌ವೇರೇ ಇರಲಿ, ಜಾಗ ಮಾತ್ರ ಬದಲಾಗಲಿ ಅಂತಾದರೆ ‘ಐಎಎಎಸ್’ (IaaS, ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಎ ಸರ್ವೀಸ್). ಇಲ್ಲಿ ಸಿಗುವುದು ಬಾಡಿಗೆ ಮೆಷಿನ್ ಅಷ್ಟೇ. ಪ್ಯಾಚ್ (ಸಾಫ್ಟ್‌ವೇರ್ ಲೋಪ ಮುಚ್ಚುವ ಅಪ್‌ಡೇಟ್), ಫೈರ್‌ವಾಲ್ (ಹೊರಗಿನವರು ನುಗ್ಗದಂತೆ ತಡೆಯುವ ವ್ಯವಸ್ಥೆ), ಬ್ಯಾಕಪ್ ಎಲ್ಲ ನೀವೇ ನೋಡಿಕೊಳ್ಳಬೇಕು. ಅಗ್ಗ ಅಂತ ಸುಮ್ನೆ ಕೈ ಹಾಕಬೇಡಿ, ಇದನ್ನೆಲ್ಲ ನೋಡಿಕೊಳ್ಳುವ ಅಡ್ಮಿನ್ ಸಂಬಳವನ್ನೂ ಕೂಡಿಸಿ ನೋಡಿ.

ಈಗ ಪಬ್ಲಿಕ್ ವಿಚಾರ. ಪಬ್ಲಿಕ್ ಅಂದ ಮಾತ್ರಕ್ಕೆ ನಿಮ್ಮ ಲೆಕ್ಕ ಎಲ್ಲರಿಗೂ ಕಾಣುವುದಿಲ್ಲ. ಮೆಷಿನ್‌ಗಳನ್ನು ಹಲವರು ಹಂಚಿಕೊಳ್ಳುತ್ತಾರೆ, ಖಾತೆಗಳು ಬೇರೆ ಬೇರೆ. ಪ್ರೈವೇಟ್‌ನಲ್ಲಿ ಇಡೀ ವ್ಯವಸ್ಥೆ ಒಬ್ಬರಿಗೇ ಮೀಸಲು. ಬ್ಯಾಂಕಿಗೆ ಸರಿ, ಅಂಗಡಿಗೆ ದುಬಾರಿ. ಎರಡನ್ನೂ ಬೆರೆಸಿದರೆ ಹೈಬ್ರಿಡ್. ‘ನೆಟ್ ಹೋದರೆ ಬಿಲ್ ಹಾಕೋದು ಹೇಗೆ’ ಅಂತ ಹೆದರಿ ಹೈಬ್ರಿಡ್ ಕೊಳ್ಳುವುದು ಬೇಡ. ನೆಟ್ ಇಲ್ಲದಾಗಲೂ ಬಿಲ್ ಹಾಕಿ, ಬಂದಾಗ ಸಿಂಕ್ ಆಗುವ (ಅವು ತಾನಾಗಿಯೇ ಕ್ಲೌಡ್‌ಗೆ ಸೇರುವ) ಸಾಫ್ಟ್‌ವೇರ್ ಹುಡುಕಿ.

ಸರ್ವರ್ ಎಲ್ಲಿದೆ ಅಂತಲೂ ಕೇಳಿ. ಕ್ಲೌಡ್ ಸೇವೆಯನ್ನೂ ಮಾರುವ ಅಮೆಜಾನ್‌ಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ಡೇಟಾ ಸೆಂಟರ್‌ಗಳಿವೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಲೆಕ್ಕದ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇರಲೇಬೇಕು; ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿ ಹಾಗೆ ಹೇಳುತ್ತದೆ. ಎಂಟ್ರಿ ಯಾವಾಗ ತಿದ್ದಿದರು ಎಂಬ ದಾಖಲೆ ಉಳಿಸುವ ಸಾಫ್ಟ್‌ವೇರ್ ಇಂಥ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮ ಆಡಿಟರ್‌ಗೆ ಒಂದು ಮಾತು ಕೇಳಿಬಿಡಿ.

ದುಡ್ಡು ಕಟ್ಟುವ ಮುಂಚೆ ಬಿಟ್ಟು ಹೋಗುವ ದಾರಿ ನೋಡಿ. ಟ್ರಯಲ್‌ನಲ್ಲಿ ಹತ್ತಾರು ಬಿಲ್ ಹಾಕಿ, ಎಕ್ಸೆಲ್‌ಗೆ ಇಳಿಸಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಕಾಲಂ ಖಾಲಿ ಬಂದರೆ ಬೇರೆಯದು ನೋಡಿ.