ಕರಿಬೇವಿನ ಹುಳ ಸಾಕೋಣ ಬನ್ನಿ

ದಾವಣಗೆರೆಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡದ ಮನೆ ಉಂಟಾ? ಅದಕ್ಕೇ ಹಿತ್ತಲಲ್ಲಿ ಒಂದಾದರೂ ಕರಿಬೇವಿನ ಗಿಡ ಇಟ್ಟಿರುತ್ತಾರೆ. ಹುಳ ಸಾಕ್ತೀವಿ ಅಂತ ಓಣಿ ಮಕ್ಕಳು ಬಂದರೆ ನಾನು ಆ ಗಿಡದ ಹತ್ತಿರ ಕರೆದೊಯ್ಯುತ್ತೇನೆ. ಮೈತುಂಬ ಕೂದಲಿರುವ ಕಂಬಳಿಹುಳದ ಸಹವಾಸ ಬೇಡ, ತುರಿಕೆ ಶುರುವಾಗುತ್ತದೆ. ಕರಿಬೇವಿನ ಚಿಟ್ಟೆಹುಳಕ್ಕೆ ಆ ಕೂದಲಿಲ್ಲ.

ಮಳೆ ಬಿದ್ದು ಗಿಡ ಚಿಗುರಿದಾಗ ಹುಡುಕಿ. ಎಳೆ ಎಲೆಯ ಮೇಲೆ ತಿಳಿ ಹಳದಿಯ ಗುಂಡು ಮೊಟ್ಟೆ ಒಂಟಿಯಾಗಿ ಅಂಟಿರುತ್ತದೆ, ಸಾಸಿವೆಗಿಂತ ಸಣ್ಣದು. ಮರಿಹುಳವಂತೂ ಕಂದು ಬಣ್ಣ, ಬಿಳಿ ಮಚ್ಚೆ ಸೇರಿ ಥೇಟ್ ಹಕ್ಕಿ ಹಿಕ್ಕೆ. ಕೈಯಲ್ಲಿ ಎತ್ತಬೇಡಿ, ಕೂತಿರುವ ಕಡ್ಡಿ ಸಮೇತ ಕತ್ತರಿಸಿ ತನ್ನಿ.

ಸಣ್ಣ ಬಾಟಲಿಗೆ ನೀರು ಹಾಕಿ ಕಡ್ಡಿ ನಿಲ್ಲಿಸಿ, ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳ ಇಳಿದು ನೀರಿಗೆ ಬೀಳುತ್ತದೆ. ಬಾಟಲಿಯನ್ನು ಎತ್ತರದ ಡಬ್ಬಿಯಲ್ಲಿಟ್ಟು ಮೇಲೆ ತೆಳು ಬಟ್ಟೆ ಕಟ್ಟಿ. ಔಷಧಿ ಸವರಿದ ಸೊಳ್ಳೆಪರದೆ ಬೇಡವೇ ಬೇಡ. ನೇರ ಬಿಸಿಲೂ ಬೇಡ.

ಸೊಪ್ಪಿನ ವಿಷಯದಲ್ಲಿ ನಾನು ಜಾಸ್ತಿ ಕಟ್ಟುನಿಟ್ಟು. ಸಂತೆ ಕರಿಬೇವಿಗೆ ಔಷಧಿ ಹೊಡೆದಿರಬಹುದು, ತೊಳೆದರೂ ಪೂರ್ತಿ ಹೋಗುವುದಿಲ್ಲ. ನಮಗೆ ಗೊತ್ತೇ ಆಗದಷ್ಟು ವಿಷಕ್ಕೆ ಹುಳ ಸತ್ತುಹೋಗುತ್ತದೆ. ಮನೆ ಗಿಡದ ಸೊಪ್ಪೇ ಹಾಕಿ. "ಒಗ್ಗರಣೆಗೆ ಇಟ್ಟಿದ್ದನ್ನ ಹುಳಕ್ಕೆ ಹಾಕ್ತೀಯಲ್ಲೇ" ಅಂತ ನಮ್ಮತ್ತೆ ಗೊಣಗುತ್ತಾರೆ. ಗೊಣಗಲಿ ಬಿಡಿ.

ಹುಳ ತಿಂದಷ್ಟೂ ಹಿಕ್ಕೆ ಹಾಕುತ್ತದೆ. ತಳಕ್ಕೆ ಪೇಪರ್ ಹಾಸಿ ದಿನಾ ಬದಲಿಸಿ, ತೇವ ನಿಂತರೆ ಬೂಷ್ಟು ಬರುತ್ತದೆ. ಮಧ್ಯೆ ಮಧ್ಯೆ ಅದು ಅಲುಗಾಡದೆ ಕೂತುಬಿಡುತ್ತದೆ. ಸತ್ತಿಲ್ಲ, ಚರ್ಮ ಕಳಚುವ ತಯಾರಿ. ಮುಟ್ಟಬೇಡಿ. ಹೀಗೆ ನಾಲ್ಕು ಸಲ ಕಳಚುತ್ತದೆ, ಕಳಚಿದ ಚರ್ಮವನ್ನು ಹೆಚ್ಚಾಗಿ ತಾನೇ ತಿಂದು ಮುಗಿಸುತ್ತದೆ. ನಾಲ್ಕನೇ ಸಲ ಆದ ಮೇಲೆ ಆ ಹಿಕ್ಕೆಯ ವೇಷ ಹೋಗಿ ಹಸಿರು ಹುಳ ಕೂತಿರುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಮಕ್ಕಳು ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಒಂದು ಸಲ ಸಾಕು, ಪಾಪ ಅದು ಹೆದರಿರುತ್ತದೆ.

ಒಂದು ದಿನ ತಿನ್ನುವುದು ನಿಲ್ಲಿಸಿ, ನೀರು ನೀರಾಗಿ ಹಿಕ್ಕೆ ಹಾಕಿ, ಡಬ್ಬಿ ತುಂಬಾ ಓಡಾಡುತ್ತದೆ. ಕಾಯಿಲೆ ಅಲ್ಲ, ಜಾಗ ಹುಡುಕುತ್ತಿದೆ. ಒಂದೆರಡು ಒಣ ಕಡ್ಡಿ ನಿಲ್ಲಿಸಿ. ಬಾಲದ ತುದಿಯನ್ನು ರೇಷ್ಮೆಗೆ ಸಿಕ್ಕಿಸಿ, ಸೊಂಟಕ್ಕೂ ಒಂದು ಎಳೆ ಕಟ್ಟಿಕೊಂಡು ಸ್ವಲ್ಪ ಹಿಂದಕ್ಕೆ ಒರಗುತ್ತದೆ. ಆಮೇಲೆ ಕೊನೆಯ ಚರ್ಮ ಬಿಚ್ಚಿ ಕೋಶ ಆಗುತ್ತದೆ. ಎಲೆಗಳ ನಡುವೆ ಕಟ್ಟಿದರೆ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಗೆ ಕಟ್ಟಿದರೆ ಕಂದು.

ಚಿಟ್ಟೆ ಬರಲು ಸುಮಾರು 8ರಿಂದ 12 ದಿನ ಬೇಕು. ಕೋಶ ಕಪ್ಪಾಗಿ ಒಳಗಿನ ರೆಕ್ಕೆ ಕಾಣಿಸಿದರೆ ಹತ್ತಿರ ಬಂತು ಅಂತ. ಕೆಲವು ಸಲ ಕೋಶಕ್ಕೆ ಸಣ್ಣ ತೂತು ಬಿದ್ದು ಪುಟ್ಟ ಕಣಜ ಹೊರಗೆ ಬರುತ್ತದೆ. ಅದರ ತಾಯಿ ಮೊದಲೇ ಮೊಟ್ಟೆ ಇಟ್ಟು ಹೋಗಿರುತ್ತದೆ, ನೀವು ಮಾಡುವುದೇನೂ ಇಲ್ಲ.

ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ. ಅದು ನೇತಾಡಲೇಬೇಕು, ಬಿದ್ದರೆ ಕಡ್ಡಿ ಕೊಟ್ಟು ಹತ್ತಿಸಿ. ಕೆಳಗೆ ಬಣ್ಣದ ಹನಿ ಬಿದ್ದರೆ ರಕ್ತ ಅಂತ ಗಾಬರಿ ಬೇಡ, ಒರೆಸಿ ಹಾಕಿ. ಒಂದೆರಡು ಗಂಟೆ ರೆಕ್ಕೆ ಒಣಗಲು ಬಿಟ್ಟು ಹೂವಿರುವ ಕಡೆ ಬಿಡಿ. ಸಂಜೆ ಬಂದರೆ, ಇಲ್ಲವೇ ಮಳೆ ಹಿಡಿದಿದ್ದರೆ, ರಾತ್ರಿ ಡಬ್ಬಿಯಲ್ಲೇ ಇರಲಿ, ಬೆಳಗ್ಗೆ ಬಿಟ್ಟರಾಯಿತು. ಅಷ್ಟು ಹೊತ್ತು ಊಟ ಇಲ್ಲದಿದ್ದರೂ ಅದಕ್ಕೇನೂ ಆಗುವುದಿಲ್ಲ.