ಗಂಡು ಸಿಂಹಗಳ ಕೂಟವನ್ನು ಗುರುತಿಸುವುದು ಹೇಗೆ?

ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಿ ಯಾವ ಕೂಟ (ಒಟ್ಟಾಗಿ ಸೀಮೆ ಕಾಯುವ ಗಂಡುಗಳ ಗುಂಪು) ಯಾವ ಸೀಮೆ ಹಿಡಿದಿದೆ ಎಂದು ತಿಳಿಯಬೇಕಾದರೆ ಮೊದಲು ಒಂದೊಂದು ಗಂಡನ್ನೂ ಪ್ರತ್ಯೇಕವಾಗಿ ಗುರುತಿಸಬೇಕು. ಕೇಸರವನ್ನು ನಂಬಬೇಡಿ: ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ, ಗಾಯವಾದರೆ ಉದುರುತ್ತದೆ. ಬದಲಾಗದಿರುವುದು ಮೀಸೆಯ ಚುಕ್ಕೆಗಳು, ಅಂದರೆ ಮೀಸೆ ಕೂದಲಿನ ಬುಡದಲ್ಲಿ ಸಾಲಾಗಿರುವ ಕಪ್ಪು ಚುಕ್ಕೆಗಳು.

ಗಾಡಿಯಿಂದ ಇಳಿಯದೆ, ಬಾಯಿ ಮುಚ್ಚಿರುವಾಗ ಮುಖದ ಎರಡೂ ಪಕ್ಕದ ಫೋಟೊ ತೆಗೆಯಿರಿ. ಹಲ್ಲು ಕಿರಿದರೆ ಸಾಲು ಸೊಟ್ಟಗಾಗುತ್ತದೆ. ಮೇಲಿನ ಸಾಲಿನಲ್ಲಿ ಕೆಲವೇ ಬಿಡಿ ಚುಕ್ಕೆಗಳಿರುತ್ತವೆ. ಅವು ಕೆಳಗಿನ ಪೂರ್ಣ ಸಾಲಿನ ಯಾವ ಚುಕ್ಕೆಯ ನೇರಕ್ಕಿವೆ ಎಂದು ಬರೆದುಕೊಳ್ಳಿ. ಎಡಗೆನ್ನೆಯಂತೆ ಬಲಗೆನ್ನೆ ಇರುವುದಿಲ್ಲ. ಒಂದೇ ಪಕ್ಕದ ಚಿತ್ರ ಇಟ್ಟುಕೊಂಡವರು ಒಂದು ಸಿಂಹವನ್ನು ಎರಡೆಂದು ಎಣಿಸಿ ಇಲ್ಲದ ಕೂಟವನ್ನೇ ಹುಟ್ಟುಹಾಕುತ್ತಾರೆ! ಕಿವಿಯ ಹರಕು ನೆರವಿಗಷ್ಟೇ, ಮುಂದಿನ ಜಗಳಕ್ಕೆ ಇನ್ನೊಂದು ಸೇರಿರುತ್ತದೆ.

ಆಮೇಲೆ ಕಿವಿಗೊಡಿ. ನಿಶ್ಶಬ್ದ ರಾತ್ರಿಯಲ್ಲಿ ಗರ್ಜನೆ 8 ಕಿ.ಮೀ. ದೂರಕ್ಕೂ ಕೇಳಿಸಬಹುದು. ಸೀಮೆ ಹಿಡಿದವು ಗರ್ಜಿಸುತ್ತವೆ, ಪೊದೆಗಳಿಗೆ ಮೂತ್ರ ಸಿಂಪಡಿಸುತ್ತವೆ. ಅಲೆಮಾರಿಗಳು ಸಾಮಾನ್ಯವಾಗಿ ತೆಪ್ಪಗಿರುತ್ತವೆ. ಹಳೆಯ ದನಿ ನಿಂತು, ಹೊಸ ಮುಖ ಕಂಡು, ಮರಿಗಳು ಒಂದೊಂದಾಗಿ ಕಾಣೆಯಾದರೆ ಸೀಮೆ ಕೈಬದಲಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಮರಿ ಸತ್ತ ಹೆಣ್ಣು ಬೇಗ ಬೆದೆಗೆ ಬರುತ್ತದೆ. ಹೊಸಬರು ಮರಿಗಳನ್ನು ಕೊಲ್ಲುವುದು ಅದಕ್ಕೇ. ಎಲ್ಲ ಸಾವನ್ನೂ ಕತ್ತೆಕಿರುಬದ ತಲೆಗೆ ಕಟ್ಟಬೇಡಿ.