613 ಲೀಟರ್ ದಾಟಿದರೆ ನಿಲ್ಲುತ್ತಿದ್ದ ಕ್ವೆರಿ

ಹಾಲು ಖರೀದಿಯ ಲೆಕ್ಕ ಇಡುವ ಹಳೆಯ ಸಾಫ್ಟ್‌ವೇರೊಂದು ನಮ್ಮ ತಂಡದ ಕೈಗೆ ಬಂತು. ಮಾಹಿತಿ ಇಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಹಾಲಿನ ಪ್ರಮಾಣ ಮಿಲಿಲೀಟರ್‌ನಲ್ಲಿ, ದರ ಲೀಟರಿಗೆ ಇಷ್ಟು ಪೈಸೆ ಎಂದು. ಎರಡೂ ಇಂಟಿಜರ್ ಕಾಲಂ, ಅಂದರೆ ಪೂರ್ಣಾಂಕ ಮಾತ್ರ ಹಿಡಿಸುವವು. ದಶಾಂಶದ ತಾಪತ್ರಯ ಬೇಡ ಅಂತ ಹಾಗೆ ಮಾಡಿದ್ದರು. ಅದು ಒಳ್ಳೆಯ ಪದ್ಧತಿಯೇ, ನಾನೂ ದುಡ್ಡನ್ನು ಪೈಸೆಯಲ್ಲೇ ಇಡುತ್ತೇನೆ. ಬಟವಾಡೆಯ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಪ್ರಮಾಣವನ್ನು ದರದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಿತ್ತು. ರೈತರ ಪಟ್ಟಿಗೆ ಯಾವ ತೊಂದರೆಯೂ ಇರಲಿಲ್ಲ. ಅದೇ ಕ್ವೆರಿಯನ್ನು ಸಂಘಗಳ ಲೆಕ್ಕಕ್ಕೆ ಬಳಸಿದಾಗ ‘ಇಂಟಿಜರ್ ಔಟ್ ಆಫ್ ರೇಂಜ್’ (ಸಂಖ್ಯೆ ಮಿತಿ ಮೀರಿದೆ) ಅಂತ ನಿಂತುಬಿಟ್ಟಿತು.

ಲೆಕ್ಕ ಹಾಕಿ ನೋಡಿ. ನಾಲ್ಕು ಬೈಟಿನ ಇಂಟಿಜರ್‌ಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಲೀಟರಿಗೆ 35 ರೂಪಾಯಿ ಎಂದರೆ 3500 ಪೈಸೆ. 600 ಲೀಟರ್ ಎಂದರೆ 6,00,000 ಮಿಲಿಲೀಟರ್. ಗುಣಿಸಿದರೆ 210 ಕೋಟಿ, ಹೇಗೋ ಹಿಡಿಸುತ್ತದೆ. 615 ಲೀಟರ್ ಆದರೆ 215.25 ಕೋಟಿ, ಮಿತಿ ದಾಟಿತು. ಆ ದರಕ್ಕೆ ಗಡಿ ಇರುವುದು 613 ಲೀಟರ್ ಚಿಲ್ಲರೆಯಲ್ಲಿ. ಹೊತ್ತಿಗೆ ಎಂಟು ಹತ್ತು ಲೀಟರ್ ಹಾಕುವ ರೈತರ ಸಾಲುಗಳು ಆ ಗಡಿಯ ಹತ್ತಿರವೂ ಸುಳಿಯುವುದಿಲ್ಲ. ತಮಾಷೆ ಏನೆಂದರೆ ಕೊನೆಯ ಉತ್ತರ ಬರೀ 21,525 ರೂಪಾಯಿ. ಉತ್ತರ ಇಡುವ ಕಾಲಂ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ, ಇಂಟಿಜರನ್ನು ಇಂಟಿಜರಿನಿಂದ ಗುಣಿಸಿದರೆ ನಡುವೆ ಹುಟ್ಟುವುದೂ ಇಂಟಿಜರೇ.

ಯಾವ ಸಾಲಿನಿಂದ ಹೀಗಾಯಿತು ಎಂದು ಪೋಸ್ಟ್‌ಗ್ರೆಸ್ ಹೇಳುವುದಿಲ್ಲ. ಒಂದು ಸಾಲು ಕೆಟ್ಟರೆ ಇಡೀ ಪಟ್ಟಿ ಬೀಳುತ್ತದೆ. ನಾನು ಮೊದಲು ಪ್ರಮಾಣವನ್ನು ಬಿಗ್‌ಇಂಟ್‌ಗೆ, ಅಂದರೆ ಎಂಟು ಬೈಟಿನ ದೊಡ್ಡ ಇಂಟಿಜರ್‌ಗೆ, ಕಾಸ್ಟ್ ಮಾಡಿ (ಟೈಪು ಬದಲಿಸಿ), ಆಮೇಲೆ ದರದಿಂದ ಗುಣಿಸಿ, ಗುಣಲಬ್ಧ ಮಿತಿಗಿಂತ ಹೆಚ್ಚಿರುವ ಸಾಲುಗಳನ್ನಷ್ಟೇ ತೆಗೆಸಿದೆ. ಸಿಕ್ಕವೆಲ್ಲ ದೊಡ್ಡ ಸಂಘಗಳು. ಪರಿಹಾರವೂ ಅದೇ ಕಾಸ್ಟ್, ಆದರೆ ಜಾಗ ಮುಖ್ಯ. ಗುಣಾಕಾರಕ್ಕೆ ಆವರಣ ಹಾಕಿ ಹೊರಗಿನಿಂದ ಬಿಗ್‌ಇಂಟ್ ಮಾಡಿದರೆ ಅಷ್ಟರೊಳಗೆ ಒಳಗಿನ ಲೆಕ್ಕ ಒಡೆದಿರುತ್ತದೆ. ಎರಡರಲ್ಲಿ ಒಂದನ್ನಾದರೂ ಗುಣಿಸುವ ಮುಂಚೆಯೇ ದೊಡ್ಡದು ಮಾಡಬೇಕು.

ತಂಡದಲ್ಲಿ ಬೇರೆ ಸಲಹೆಗಳೂ ಬಂದವು. ಮೊದಲು ಸಾವಿರದಿಂದ ಭಾಗಿಸಿ ಆಮೇಲೆ ಗುಣಿಸೋಣ ಎಂದರು ಒಬ್ಬರು. ಎರರ್ ಹೋಗುತ್ತದೆ, ನಿಜ. ಆದರೆ ಇಂಟಿಜರ್ ಭಾಗಾಕಾರ ಶೇಷವನ್ನು ಎಸೆಯುತ್ತದೆ: 615.8 ಲೀಟರ್ ಹೋಗಿ 615 ಆಗುತ್ತದೆ, ಸಂಘಕ್ಕೆ 28 ರೂಪಾಯಿ ಖೋತಾ. ಅದೂ ಪ್ರತಿ ಹೊತ್ತಿಗೆ, ಯಾವ ಎಚ್ಚರಿಕೆಯೂ ಇಲ್ಲದೆ. ಅದಕ್ಕಿಂತ ಎರರ್ ಬಂದು ನಿಲ್ಲುವುದೇ ವಾಸಿ. ಇನ್ನೊಬ್ಬರು ದಶಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ‘ರಿಯಲ್’ ಟೈಪು ಬಳಸೋಣ ಎಂದರು. ಆ ಟೈಪು 1,67,77,216 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳನ್ನು ಕರಾರುವಾಕ್ಕಾಗಿ ಹಿಡಿಯುವುದಿಲ್ಲ. ಪೈಸೆಯ ಲೆಕ್ಕಕ್ಕೆ ಅದನ್ನು ಮುಟ್ಟಲೇಬಾರದು. ಕೊನೆಗೆ ಬಿಗ್‌ಇಂಟ್ ಉಳಿಸಿಕೊಂಡು, ಭಾಗಿಸುವ ಮುಂಚೆ 500 ಕೂಡಿಸಿದೆ. ಅರ್ಧ ಪೈಸೆ ಮೇಲಿದ್ದರೆ ಮೇಲಕ್ಕೆ ಹೋಗಲಿ ಅಂತ.

ಮೊತ್ತ ಹಾಕುವ ‘ಸಮ್’ ಮಾತ್ರ ಇಲ್ಲಿ ಕಾಟ ಕೊಡಲಿಲ್ಲ, ಪೋಸ್ಟ್‌ಗ್ರೆಸ್‌ನಲ್ಲಿ ಇಂಟಿಜರ್‌ಗಳ ಸಮ್ ತಾನೇ ಬಿಗ್‌ಇಂಟ್ ಆಗುತ್ತದೆ. ಆದರೆ ವರದಿಗಳಿಗೆ ಇದ್ದದ್ದು ಇನ್ನೊಂದು ಡೇಟಾಬೇಸ್, ಎಸ್‌ಕ್ಯೂಎಲ್ ಸರ್ವರ್. ಅಲ್ಲಿ ಇಂಟ್ (ನಾಲ್ಕು ಬೈಟಿನ ಇಂಟಿಜರ್) ಕಾಲಂನ ಸಮ್ ಇಂಟೇ. ಪೈಸೆಯಲ್ಲಿ ಕೂಡಿಸಿದರೆ 2,14,74,836 ರೂಪಾಯಿ 47 ಪೈಸೆಗೆ ಮಿತಿ ಮುಗಿಯಿತು. ಎರಡು ಕೋಟಿ ಚಿಲ್ಲರೆ ಒಂದು ಜಿಲ್ಲೆಯ ಹಾಲಿಗೆ ಯಾವ ಮೂಲೆಗೆ? ಸಮ್‌ನ ಒಳಗೇ ಕಾಸ್ಟ್ ಹಾಕಿದೆ. ಸರಾಸರಿ ತೆಗೆಯುವ ಕಡೆಯೂ ಹಾಕಬೇಕಾಯಿತು. ಸಾಲು ಎಣಿಸಲು ‘ಕೌಂಟ್_ಬಿಗ್’ ಅಂತಲೇ ಬೇರೆ ಇದೆ, ನಮಗೆ ಅಷ್ಟು ಸಾಲುಗಳಿರಲಿಲ್ಲ.

ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಡೇಟಾಬೇಸ್‌ನಲ್ಲಿ ಇದೇ ಗುಣಾಕಾರ ಸಲೀಸಾಗಿ ನಡೆಯುತ್ತದೆ, ಅದು 64 ಬಿಟ್‌ನಲ್ಲಿ ಲೆಕ್ಕ ಮಾಡುತ್ತದೆ. ಅಲ್ಲಿ ಹುಷಾರಾಗಿರಬೇಕಾದದ್ದು ಬೇರೆ ಕಡೆ. ತಪ್ಪು ಮೌಲ್ಯವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಆಫ್ ಇದ್ದರೆ, ಇಂಟ್ ಕಾಲಂಗೆ ಹಾಕಿದ ಮಿತಿ ಮೀರಿದ ಸಂಖ್ಯೆ 2147483647 ಆಗಿ ಸುಮ್ಮನೆ ಕೂರುತ್ತದೆ, ಬರೀ ವಾರ್ನಿಂಗ್ ಕೊಟ್ಟು. ಯಾವುದಾದರೂ ಟೇಬಲ್‌ನಲ್ಲಿ ಆ ಸಂಖ್ಯೆ ಪದೇ ಪದೇ ಕಂಡರೆ ನಾನು ತಕ್ಷಣ ಸ್ಟ್ರಿಕ್ಟ್ ಮೋಡ್ ಪರೀಕ್ಷಿಸುತ್ತೇನೆ. ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಸದ) ಕಾಲಂಗಳ ವ್ಯವಕಲನದಲ್ಲೂ ಹುಷಾರು ಬೇಕು: ಸಂದಾಯಕ್ಕಿಂತ ಮುಂಗಡ ಹೆಚ್ಚಾಗಿ ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಎರರ್.

ಪ್ರಮಾಣದ ಕಾಲಮನ್ನೇ ಬಿಗ್‌ಇಂಟ್ ಮಾಡಿದರೆ ಪ್ರತಿ ಕ್ವೆರಿಯಲ್ಲೂ ಕಾಸ್ಟ್ ಬೇಡ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಆ ಬದಲಾವಣೆ ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ. ಅದು ಮುಗಿಯುವ ತನಕ ಯಾರೂ ಓದುವಂತೆಯೂ ಇಲ್ಲ. ಬೆಳಿಗ್ಗೆ ಸಂಜೆ ಹಾಲು ಬರುವಾಗ ಅದು ಆಗದ ಮಾತು. ಹಾಗಾಗಿ ಪಕ್ಕದಲ್ಲಿ ಹೊಸ ಕಾಲಂ ಸೇರಿಸಿ, ಹೊಸ ಸಾಲುಗಳಲ್ಲಿ ಅದು ತಾನೇ ತುಂಬುವಂತೆ ಟ್ರಿಗರ್ ಇಟ್ಟು, ಹಳೆಯವನ್ನು ಸ್ವಲ್ಪಸ್ವಲ್ಪವೇ ತುಂಬಿಸಿ, ಕೊನೆಗೆ ಹೆಸರು ಅದಲುಬದಲು ಮಾಡಿದೆವು.

ಈಗ ಗುಣಾಕಾರ ಇರುವ ಯಾವ ಕ್ವೆರಿ ಬಂದರೂ ಟೆಸ್ಟ್ ಡೇಟಾದಲ್ಲಿ ಎರಡು ಸಾಲು ಖಾಯಂ ಸೇರಿಸುತ್ತೇನೆ: 46340 ಗುಣಿಸು 46340, ಮತ್ತು 46341 ಗುಣಿಸು 46341. ಮೊದಲನೆಯದು ಮಿತಿಯೊಳಗೆ, ಎರಡನೆಯದು ಹೊರಗೆ. ಎರಡಕ್ಕೂ ಸರಿಯುತ್ತರ ಬಂದ ಮೇಲೆಯೇ ಕೋಡ್ ಮರ್ಜ್ ಆಗುತ್ತದೆ, ಅಂದರೆ ಮುಖ್ಯ ಕೋಡ್‌ಗೆ ಸೇರುತ್ತದೆ.